ನಡುದಾರದ ಎಡಕ್ಕೆ ನಾಲ್ಕು ಬೆರಳು

ಅವನು ನನಗೆ ಫೋನ್ ಮಾಡಿದ್ದು 2014ರ ಚಳಿಗಾಲದ ಒಂದು ಶನಿವಾರ, ಮಧ್ಯಾಹ್ನ ಎರಡರ ಸುಮಾರಿಗೆ. ಮಳೆ ಬರುವ ಹಾಗಿತ್ತು. ನಾನು ಹಿತ್ತಲಿನ ತಂತಿಯಿಂದ ಹೆಂಡತಿಯ ಆಸ್ಪತ್ರೆಯ ಸಮವಸ್ತ್ರಗಳನ್ನು ತೆಗೆಯುತ್ತಿದ್ದೆ. ಒಂದು ಅಂಗಿ ಭುಜದ ಮೇಲಿತ್ತು, ಎರಡು ಕ್ಲಿಪ್ಪು ಬಾಯಲ್ಲಿದ್ದವು. ಇಂಥ ವಿವರಗಳನ್ನು ನಾನು ಬರೆಯುವುದು ಚೆಂದಕ್ಕಲ್ಲ. ನನಗೆ ನಿಜವಾಗಿ ನೆನಪಿರುವುದು ಯಾವುದು, ಆಮೇಲೆ ನಾನೇ ಸೇರಿಸಿಕೊಂಡದ್ದು ಯಾವುದು ಎಂದು ಬೇರೆ ಮಾಡಿ ಇಡುವುದಕ್ಕೆ.

"ಉಸ್ತಾದ, ಗುರುತು ಸಿಕ್ತೇನು?" ಎಂದ.

ಗುರುತು ಸಿಕ್ಕಿತ್ತು. ಆದರೂ ಯಾರು ಎಂದು ಕೇಳಿದೆ.

"ಹನ್ನೆರಡು ವರ್ಷ ಆತು. ಮರತಿ ಬಿಡು," ಎಂದು ನಕ್ಕ.

ನಾವಿಬ್ಬರೂ ಸೈನ್ಯದ ಎಂಜಿನಿಯರ್ ದಳದಲ್ಲಿ ಸ್ಯಾಪರ್‌ಗಳಾಗಿದ್ದವರು. ಬಾಗಲಕೋಟೆ ಸೀಮೆಯ ಅಕ್ಕಪಕ್ಕದ ತಾಲೂಕುಗಳವರು. ಸೇತುವೆ ಕಟ್ಟುವುದು, ರಸ್ತೆ ಹಾಕುವುದು, ತುಳಿದರೆ ಸಿಡಿಯುವ ಮೈನುಗಳನ್ನು ನೆಲದಲ್ಲಿ ಹೂಳುವುದು, ಹೂಳಿದ ಮೈನುಗಳ ನಡುವೆ ದಾರಿ ತೆರೆಯುವುದು ನಮ್ಮ ಕೆಲಸ. ನಾನು ಅವನಿಗಿಂತ ಒಂದು ವರ್ಷ ಹಿರಿಯ. ಉಸ್ತಾದ ಎಂದು ಅವನು ಕರೆಯುತ್ತಿದ್ದುದು ಅರ್ಧ ಗೌರವಕ್ಕೆ, ಅರ್ಧ ಚೇಷ್ಟೆಗೆ. ನಾನು ಪಿಂಚಣಿ ತೆಗೆದುಕೊಂಡು ಹೊರಬಿದ್ದು, ನರ್ಸ್ ಆಗಿದ್ದ ಹೆಂಡತಿಯ ಹಿಂದೆ ಆಕ್ಲೆಂಡಿಗೆ ಬಂದಿದ್ದೆ. ಅವನು ನನ್ನ ನಂತರ ಹೊರಬಿದ್ದವನು. ಮೂವತ್ತಾರನೆಯ ವಯಸ್ಸಿನಲ್ಲಿ ವಿದ್ಯಾರ್ಥಿ ವೀಸಾ ತೆಗೆಸಿ, ಹೆಂಡತಿ ಮಗಳ ಸಮೇತ ಇಲ್ಲಿಗೆ ಬಂದು ಸರಕು ಸಾಗಣೆಯ ಡಿಪ್ಲೊಮಾ ಓದಿದ್ದ. ಹೆಂಡರ್ಸನ್‌ನಲ್ಲಿ ಇನ್ನೊಂದು ಕುಟುಂಬದ ಜೊತೆ ಒಂದು ಫ್ಲ್ಯಾಟ್ ಹಂಚಿಕೊಂಡಿದ್ದ. ಕೆಲಸ ಹುಡುಕಲು ಕೊಟ್ಟ ವೀಸಾದಲ್ಲಿ ಹತ್ತು ವಾರ ಉಳಿದಿತ್ತು. ಅಷ್ಟರಲ್ಲಿ ಮೇಲ್ವಿಚಾರಕನ ದರ್ಜೆಯ ಕೆಲಸ ಸಿಗದಿದ್ದರೆ ಮೂವರೂ ವಾಪಸು ಹೋಗಬೇಕಿತ್ತು. ಪೆನ್‌ರೋಸ್‌ನಲ್ಲಿ ನಾನಿರುವ ಗೋದಾಮಿನಲ್ಲಿ ಅಂಥ ಒಂದು ಜಾಗ ಖಾಲಿ ಇದೆ ಎನ್ನುವುದು ಅವನಿಗೆ ಗೊತ್ತಿತ್ತು. ಹೇಗೆ ಗೊತ್ತಾಯಿತು ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ನನ್ನ ಸಂಶಯ ಅಲ್ಲಿಂದಲೇ ಶುರುವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅದು ಹನ್ನೆರಡು ವರ್ಷ ಹಿಂದೆಯೇ ಶುರುವಾಗಿತ್ತು.

ಅದನ್ನು ಇಲ್ಲಿ ಹೇಳಬೇಕು.

ಆ ವರ್ಷ ಗಡಿಯುದ್ದಕ್ಕೂ ಸೈನ್ಯ ಜಮಾಯಿಸಿತ್ತು. ಮರುಭೂಮಿಯಲ್ಲಿ ನಾವೇ ತಿಂಗಳುಗಟ್ಟಲೆ ಮೈನು ಹೂತಿದ್ದೆವು. ಪ್ರತಿಯೊಂದನ್ನೂ ನಕ್ಷೆಯಲ್ಲಿ ಗುರುತಿಸಿದ್ದೆವು. ಬೇಸಿಗೆಯ ಗಾಳಿ ಬಂದು ದಿಬ್ಬಗಳನ್ನು ಸರಿಸಿತು. ಗುರುತಿನ ಕಂಬಗಳು ಕೆಲವು ಹೂತುಹೋದವು, ಕೆಲವು ಬಿದ್ದವು. ನಕ್ಷೆ ಒಂದು ಹೇಳುತ್ತಿತ್ತು, ನೆಲ ಇನ್ನೊಂದು. ಮುಂದಿನ ಕಾವಲು ಠಾಣೆಗೆ ದಾರಿ ಬೇಕಾದಾಗ ಅಧಿಕಾರಿಗಳು ನಕ್ಷೆಯನ್ನು ಮಡಚಿಟ್ಟು, ಇದು ಶತ್ರುವಿನ ಮೈನು ಹೊಲ ಎಂದೇ ತಿಳಿದು ಕೈಯಿಂದ ದಾರಿ ತೆರೆಯಿರಿ ಎಂದರು. ಮೈನಿನ ಮೈ ಪ್ಲಾಸ್ಟಿಕ್ಕು. ಕಬ್ಬಿಣ ಹುಡುಕುವ ಯಂತ್ರ ಅದಕ್ಕೆ ಕಿವುಡು. ಹಾಗಾಗಿ ಮರದ ಹಿಡಿಯಿದ್ದ ಉದ್ದನೆಯ ಚುಚ್ಚುಗೋಲು. ಹೊಟ್ಟೆಯ ಮೇಲೆ ಮಲಗಿ, ನಾಲ್ಕು ಬೆರಳಿಗೊಂದು ಸಲ, ಗೋಲನ್ನು ಓರೆಯಾಗಿ ಮರಳಿನೊಳಗೆ ಇಳಿಸಬೇಕು. ಓರೆ ಯಾಕೆಂದರೆ ಗೋಲಿನ ತುದಿ ಮೈನಿನ ಪಕ್ಕಕ್ಕೆ ತಾಗಬೇಕು, ನೆತ್ತಿಗೆ ತಾಗಬಾರದು. ಪಕ್ಕಕ್ಕೆ ತಾಗಿದರೆ ಕೈಗೆ ಒಂದು ಮಂದ ತಡೆ ಸಿಗುತ್ತದೆ. ಅದನ್ನು ಹೇಳಿಕೊಡಲು ಬರುವುದಿಲ್ಲ.

ದಾರಿ ಎರಡು ಮೀಟರ್ ಅಗಲ. ನಡುವೆ ಗೂಟ ಹೊಡೆಯುತ್ತ ಬಿಳಿ ದಾರ ಬಿಡುತ್ತ ಹೋಗುತ್ತಿದ್ದೆವು. ಎಡಪಾಲು ಅವನದು, ಬಲಪಾಲು ನನ್ನದು. ಒಬ್ಬನ ತಪ್ಪಿಗೆ ಇಬ್ಬರೂ ಹೋಗಬಾರದೆಂದು ಅವನು ಮುಂದೆ, ನಾನು ಇಪ್ಪತ್ತೈದು ಹೆಜ್ಜೆ ಹಿಂದೆ. ನಮ್ಮ ತುಕಡಿಯಲ್ಲಿ ಎರಡು ಕಟ್ಟುಪಾಡುಗಳಿದ್ದವು. ಒಂದು: ಪ್ರತಿಯೊಬ್ಬನೂ ನಡುವಿನ ದಾರದಲ್ಲಿ ನಿಲ್ಲದೆ, ಅದನ್ನು ದಾಟಿ ಒಂದು ಗೇಣು ಇನ್ನೊಬ್ಬನ ಪಾಲಿನಲ್ಲೂ ಚುಚ್ಚಿ ನೋಡಬೇಕು. ಆಗ ದಾರದ ಅಕ್ಕಪಕ್ಕದ ನೆಲವನ್ನು ಎರಡು ಕೈ ಕಂಡಂತಾಗುತ್ತದೆ. ಎರಡು: ಕೆಲಸ ಮುಗಿದ ಮೇಲೆ ದಾರಿ ತೆರೆದವರೇ ಮೊದಲು ಅದರ ಮೇಲೆ ನಡೆದು ತೋರಿಸಬೇಕು. ಅಧಿಕಾರಿಯ ಎದುರಿಗೆ, ನೆಲ ನೋಡದೆ, ತಂತಮ್ಮ ಪಾಲಿನಲ್ಲಿ.

ಆ ದಿನ ನಾನು ಮುಂದೆ ನಡೆದೆ. ನನ್ನ ಎಡಗಡೆ ಅವನ ಬೂಟಿನ ಸದ್ದು ಕೇಳಬೇಕಿತ್ತು. ಕೇಳಲಿಲ್ಲ. ಸದ್ದು ಹಿಂದಿನಿಂದ ಬರುತ್ತಿತ್ತು. ಕೊನೆ ಮುಟ್ಟಿ ತಿರುಗಿದಾಗ ಕಂಡೆ: ಅವನು ತನ್ನ ಪಾಲು ಬಿಟ್ಟು ನನ್ನ ಪಾಲಿನಲ್ಲಿ ನಡೆದು ಬಂದಿದ್ದ. ಅಧಿಕಾರಿ ದುರ್ಬೀನಿನಲ್ಲಿ ಬೇರೆಡೆ ನೋಡುತ್ತಿದ್ದರು.

ಆಮೇಲೆ ಕೋಲಾರದ ಕಡೆಯ ಒಬ್ಬ, ನಾಯಕ್ ದರ್ಜೆಯವನು, ನಮ್ಮ ತುಕಡಿಯವನೇ, ಗಾಡಿ ಬರುವುದಕ್ಕೆ ಮುಂಚೆ ನಡುದಾರವನ್ನು ಸುತ್ತಿಕೊಂಡು ಗೂಟ ಕೀಳಲು ಒಳಗೆ ಹೋದ. ಹನ್ನೊಂದನೆಯ ಗೂಟದ ಹತ್ತಿರ ಸಿಡಿಯಿತು. ಸಣ್ಣ ಮೈನು. ಅದನ್ನು ಮಾಡಿದ್ದು ಕೊಲ್ಲುವುದಕ್ಕಲ್ಲ, ಪಾದ ತೆಗೆಯುವುದಕ್ಕೆ. ಅಷ್ಟನ್ನೇ ಮಾಡಿತು. ದಾರದ ಉಂಡೆ ಅವನ ಕೈಯಿಂದ ಜಾರಿ ನನ್ನ ಕಡೆಗೆ ಉರುಳಿ ಬಂತು.

ಗುಂಡಿಯನ್ನು ಅಳೆದರು. ಅದರ ನಡುಮಧ್ಯ ದಾರದ ಎಡಕ್ಕೆ ನಾಲ್ಕು ಬೆರಳು. ಅಂದರೆ ಅವನ ಪಾಲು. ವಿಚಾರಣೆಯಲ್ಲಿ, ನಿನಗೆ ಏನಾದರೂ ಅಸಹಜವಾಗಿ ಕಂಡಿತೇ ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ. ಅದು ಸುಳ್ಳು. ಮರಳು ಸರಿದಾಗ ಮೈನೂ ಸರಿದಿರಬಹುದು ಎಂದು ಬರೆದು ಕಡತ ಮುಚ್ಚಿದರು. ನಾನು ಮುಚ್ಚಲಿಲ್ಲ. ತನ್ನ ಪಾಲಿನ ಮೇಲೆ ನಡೆಯಲು ಹೆದರಿದವನಿಗೆ ಅಲ್ಲಿ ಏನೋ ಉಳಿದಿದೆ ಎಂದು ಗೊತ್ತಿತ್ತು. ಗೊತ್ತಿದ್ದೂ ಇನ್ನೊಬ್ಬನನ್ನು ಒಳಗೆ ಬಿಟ್ಟ. ಹನ್ನೆರಡು ವರ್ಷ ನಾನು ನಂಬಿದ್ದು ಇದನ್ನು.

ಫೋನ್ ಮಾಡಿದ ಮರುದಿನವೇ ಅವನು ಮನೆಗೆ ಬಂದ. ಜೊತೆಗೆ ಹೆಂಡತಿ, ಒಂಬತ್ತು ವರ್ಷದ ಮಗಳು, ಒಂದು ಡಬ್ಬಿ ಶೇಂಗಾ ಚಟ್ನಿಪುಡಿ. ಅವನ ಕೂದಲು ಹಣೆಯಿಂದ ಹಿಂದೆ ಸರಿದಿತ್ತು. ಕೈಗಳು ಹಾಗೇ ಇದ್ದವು. ನನ್ನ ಹೆಂಡತಿಗೆ ಅವನು ಕೂಡಲೇ ಹಿಡಿಸಿದ. ಮಗಳು ನಮ್ಮ ಮಾತನ್ನೆಲ್ಲ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ, ಅಂಕಲ್ ನೀವೂ ಅಪ್ಪನ ಹಾಗೆ ಬಾಂಬು ಅಗೆಯುತ್ತಿದ್ದಿರಾ ಎಂದು ಕೇಳಿದಳು.

"ಬಾಂಬ್ ಅಲ್ಲವ್ವಾ, ಆಲೂಗಡ್ಡಿ," ಎಂದ ಅವನು. "ಇಬ್ಬರೂ ಕೂಡಿ ಕಿತ್ತೇವಿ. ಅಂಕಲ್ ನನಗಿಂತ ಸಾವಕಾಶ."

ಎಲ್ಲರೂ ನಕ್ಕರು. ಸಾವಕಾಶ ಎನ್ನುವ ಮಾತನ್ನು ನಾನು ಎರಡು ದಿನ ತಿರುಗಿಸಿ ತಿರುಗಿಸಿ ನೋಡಿದೆ. ಅದು ಹೊಗಳಿಕೆಯೋ, ಚುಚ್ಚುಮಾತೋ, ಇಲ್ಲ, ನೀನು ಬಾಯಿಬಿಟ್ಟರೆ ನಾನೂ ಬಿಡುತ್ತೇನೆ ಎನ್ನುವ ಸೂಚನೆಯೋ. ಅವನು ಬಂದದ್ದು ಕೆಲಸಕ್ಕೋ, ನನಗೆ ಎಷ್ಟು ಗೊತ್ತಿದೆ ಎಂದು ತಿಳಿಯುವುದಕ್ಕೋ? ಹೆಂಡತಿಗೆ ಅಷ್ಟಿಷ್ಟು ಹೇಳಿದೆ. ಅವಳು ಚಟ್ನಿಪುಡಿಗೆ ಎಣ್ಣೆ ಕಲಸುತ್ತ, "ನೀವು ಮನಷ್ಯಾರನ್ನೂ ಚುಚ್ಚಿ ಚುಚ್ಚಿನ ನೋಡ್ತೀರಿ. ಒಂದ್ಸಲ ಕೈಲೆ ಮುಟ್ಟಿ ನೋಡ್ರಿ," ಎಂದಳು.

ಗೋದಾಮಿನ ಕೆಲಸದ ಬಗ್ಗೆಯೂ ಹೇಳಬೇಕು. ಎಂಟು ಮೀಟರ್ ಎತ್ತರದ ಉಕ್ಕಿನ ಅಟ್ಟಗಳು ಸಾಲುಸಾಲಾಗಿ ನಿಂತಿವೆ. ಅವುಗಳ ಮೇಲೆ ಸರಕು ಹೇರಿದ ಮರದ ಹಲಗೆಗಳು, ಪ್ಯಾಲೆಟ್‌ಗಳು. ಅವನ್ನು ಎತ್ತಿಡುವ ಫೋರ್ಕ್‌ಲಿಫ್ಟ್‌ಗಳು ದಿನವೂ ಅಟ್ಟದ ಕಾಲಿಗೋ ತೊಲೆಗೋ ತಗಲುತ್ತವೆ. ಅಡ್ಡತೊಲೆ ಕಂಬಕ್ಕೆ ಕೊಕ್ಕೆಯಲ್ಲಿ ಕೂತಿರುತ್ತದೆ. ಕೆಳಗಿನಿಂದ ಗುದ್ದಿದರೆ ಕೊಕ್ಕೆ ಕಳಚದಿರಲಿ ಎಂದು ಕಿರುಬೆರಳಿನಷ್ಟು ದೊಡ್ಡ ಒಂದು ಪಿನ್ ಹಾಕಿರುತ್ತಾರೆ. ಪಿನ್ ಇಲ್ಲದ ತೊಲೆ ಒಂದು ಗುದ್ದಿಗೆ ಒಂದು ಟನ್ ಸರಕಿನ ಸಮೇತ ಕೆಳಗೆ ಬರುತ್ತದೆ. ಇದನ್ನೆಲ್ಲ ಮುಟ್ಟಿ ನೋಡಿ, ಈ ಸಾಲಿನ ಕೆಳಗೆ ಜನ ನಡೆಯಬಹುದು ಎಂದು ಸಹಿ ಹಾಕುವುದು ನನ್ನ ಕೆಲಸ. ಗೋದಾಮು ದೊಡ್ಡದಾಗಿತ್ತು, ಇನ್ನೊಬ್ಬ ಬೇಕಿತ್ತು.

ನಮ್ಮ ಮ್ಯಾನೇಜರ್ ಹೈನುಗಾರಿಕೆಯ ಮನೆತನದಿಂದ ಬಂದ ಹೆಂಗಸು. ಕೆಸರು ಮೆತ್ತಿದ ಯೂಟ್ ಎನ್ನುವ ತೆರೆದ ಹಿಂಬದಿಯ ಗಾಡಿಯಲ್ಲಿ ಕೆಲಸಕ್ಕೆ ಬರುತ್ತಿದ್ದಳು. ಸುತ್ತುಬಳಸಿನ ಮಾತು ಗೊತ್ತಿಲ್ಲ. ಅವನ ಅರ್ಜಿಯನ್ನು ನನ್ನ ಮುಂದೆ ಇಟ್ಟು, ಇವನ ಜೊತೆ ಸೈನ್ಯದಲ್ಲಿದ್ದೆಯಂತೆ, ಇವನು ಸಹಿ ಹಾಕಿದ ಸಾಲಿನ ಕೆಳಗೆ ನೀನು ನಡೆಯುತ್ತೀಯಾ ಎಂದು ಕೇಳಿದಳು. ನಾನು ಹೂಂ ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ಎರಡು ವಾರ ಪರೀಕ್ಷೆಗೆ ಇಟ್ಟುಕೊಳ್ಳೋಣ, ನಾನು ನೋಡುತ್ತೇನೆ ಎಂದೆ. ಅವಳು ಒಪ್ಪಿದಳು. ಕೊನೆಯ ಮಾತು ನಿನ್ನದೇ ಎಂದಳು.

ನಾನು ನೋಡಿದೆ. ಅವನು ಪ್ರತಿ ಸಾಲನ್ನೂ ದೂರದ ತುದಿಯಿಂದ ಶುರುಮಾಡುತ್ತಿದ್ದ. ಪ್ರತಿ ಪಿನ್ನನ್ನೂ ಹೆಬ್ಬೆರಳಿನಿಂದ ಒತ್ತುತ್ತಿದ್ದ. ಮಾತಾಡಿಸಿದರೆ ಕೈ ನಿಲ್ಲಿಸಿ, ಉತ್ತರ ಕೊಟ್ಟು, ಎರಡು ಕಂಬ ಹಿಂದೆ ಹೋಗಿ ಮತ್ತೆ ಶುರುಮಾಡುತ್ತಿದ್ದ. ತಪ್ಪು ಹುಡುಕಲು ಏನೂ ಇರಲಿಲ್ಲ. ಅದೇ ನನ್ನನ್ನು ಕಾಡಿತು. ನೋಡುವವರಿದ್ದಾಗ ಎಲ್ಲರೂ ಚೆನ್ನಾಗಿಯೇ ಮುಟ್ಟುತ್ತಾರೆ. ನಾನು ಸರಕಿನ ಮರೆಯಲ್ಲಿ ನಿಂತು ನೋಡಿದೆ. ಸಾಲಿನ ಆಚೆ ಬದಿಯಿಂದ, ರಟ್ಟಿನ ಪೆಟ್ಟಿಗೆಗಳ ಸಂದಿಯಲ್ಲಿ ನೋಡಿದೆ. ಮಧ್ಯಾಹ್ನದ ಊಟಕ್ಕೆ ಅವನು ಎಲ್ಲರ ಜೊತೆ ಕೂರುತ್ತಿದ್ದ, ತಿಂಗಳ ಮೊದಲ ದಿನ ಮಾತ್ರ ತನ್ನ ಕಾರಿನಲ್ಲಿ ಗಾಜು ಏರಿಸಿಕೊಂಡು ಯಾರೊಂದಿಗೋ ಬಹಳ ಹೊತ್ತು ಫೋನಿನಲ್ಲಿದ್ದ. ಅದನ್ನೂ ಬರೆದಿಟ್ಟುಕೊಂಡೆ. ನನ್ನ ಹತ್ತಿರ ಒಂದು ಸಣ್ಣ ಪುಸ್ತಕವಿತ್ತು. ಈಗ ಅದನ್ನು ಓದಿದರೆ, ನಾನು ನೋಡುತ್ತಿದ್ದವನ ಬಗ್ಗೆ ಅದರಲ್ಲಿ ಹೆಚ್ಚೇನೂ ಇಲ್ಲ.

ಎರಡನೆಯ ವಾರದ ಗುರುವಾರ ಸಂಜೆ ನಾಲ್ಕೂವರೆಗೆ ನಾನು ಹದಿನಾಲ್ಕನೆಯ ಸಾಲಿಗೆ ಹೋಗಿ ಎರಡನೆಯ ಅಂತಸ್ತಿನ ಒಂದು ತೊಲೆಯ ಪಿನ್ ತೆಗೆದು ಜೇಬಿಗೆ ಹಾಕಿಕೊಂಡೆ. ಆ ಖಾನೆ ಖಾಲಿ ಇತ್ತು. ಖಾಲಿ ಇರುವುದರಿಂದ ಯಾರಿಗೂ ಅಪಾಯವಿಲ್ಲ, ಬೆಳಿಗ್ಗೆ ಆ ಸಾಲು ಅವನ ಸರದಿ, ಕಂಡುಹಿಡಿದರೆ ಸರಿ, ಹಿಡಿಯದಿದ್ದರೆ ನಾನೇ ಮರಳಿ ಹಾಕುತ್ತೇನೆ. ಹೀಗೆಲ್ಲ ಲೆಕ್ಕ ಹಾಕಿದ್ದೆ. ಯಾರಿಗೂ ಹೇಳಲಿಲ್ಲ. ಖಾನೆಗೆ ಕೆಂಪು ಚೀಟಿ ಕಟ್ಟಲಿಲ್ಲ. ಕಟ್ಟಿದರೆ ಪರೀಕ್ಷೆ ಹೇಗಾಗುತ್ತದೆ?

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ, ಸ್ಮೋಕೊ, ಅಂದರೆ ಚಹಾದ ವಿರಾಮ, ಮುಗಿದು ನಾನು ಲೋಟ ತೊಳೆಯುತ್ತಿದ್ದಾಗ, ಅವನ ಫೋನ್ ಬಂತು.

"ಹದಿನಾಲ್ಕಕ್ಕ ಬಾ. ಓಡಬ್ಯಾಡ."

ಸಾಲಿನ ಎರಡೂ ತುದಿಗೆ ಕಿತ್ತಳೆ ಬಣ್ಣದ ಕೋನ್‌ಗಳನ್ನು ಇಟ್ಟಿದ್ದ. ಸರಕು ಆರಿಸುವ ಸಮೋವಾದ ಹುಡುಗಿ ತಳ್ಳುಗಾಡಿ ಹಿಡಿದು ಹೊರಗೆ ನಿಂತಿದ್ದಳು. ಅರ್ಧ ಕೆಲಸದಲ್ಲಿ ಎಬ್ಬಿಸಿದ್ದಾನೆ ಎಂದು ಗೊಣಗುತ್ತಿದ್ದಳು. ನಾನು ತಲೆ ಎತ್ತಿ ನೋಡಿದೆ. ನಾನು ಪಿನ್ ತೆಗೆದ ತೊಲೆಯ ಮೇಲೆ ಎರಡು ಪ್ಯಾಲೆಟ್ ಇದ್ದವು. ಡಬ್ಬಿಯ ಟೊಮೆಟೊ. ಬೆಳಿಗ್ಗೆ ಆರರ ಪಾಳಿಯವರು ತುಂಬಿದ್ದರು. ಖಾಲಿ ಖಾನೆ ಇರುವುದೇ ತುಂಬುವುದಕ್ಕೆ. ಇದು ನನಗೆ ಹೊಳೆದಿರಲಿಲ್ಲ. ಆ ಹುಡುಗಿ ಅದರ ಕೆಳಗೆ ಕೂತು ಕೆಳಖಾನೆಯ ಪೆಟ್ಟಿಗೆಗಳನ್ನು ಎಣಿಸುತ್ತಿದ್ದಳಂತೆ. ಪಕ್ಕದಲ್ಲೇ ಫೋರ್ಕ್‌ಲಿಫ್ಟ್ ಓಡಾಡುತ್ತಿತ್ತು.

ಕಂಬ ಹಿಡಿಯಲು ಹೋಗಿ ಕೈ ಹಿಂದಕ್ಕೆ ತೆಗೆದೆ.

"ಪಿನ್ ಕೊಡು," ಎಂದ.

"ಯಾವ ಪಿನ್?"

"ನಿನ್ನ ಕಿಸೆದಾಗ ಐತಲ್ಲ, ಅದು."

ಕೊಟ್ಟೆ. ಅವನು ಚಾಲಕನನ್ನು ಕರೆದು ಪ್ಯಾಲೆಟ್‌ಗಳನ್ನು ಒಂದೊಂದಾಗಿ ಇಳಿಸಿದ, ಪಿನ್ ಹಾಕಿದ, ತೊಲೆಯನ್ನು ಅಲ್ಲಾಡಿಸಿ ನೋಡಿದ, ಕೋನ್ ತೆಗೆದ, ಹುಡುಗಿಗೆ ಕ್ಷಮೆ ಕೇಳಿದ. ಇಷ್ಟಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ನನ್ನ ಮುಖ ನೋಡಲಿಲ್ಲ. ಆಮೇಲೆ ಇಬ್ಬರೂ ಲಾರಿ ನಿಲ್ಲುವ ಕಟ್ಟೆಯ ಹಿಂದೆ, ಖಾಲಿ ಪ್ಯಾಲೆಟ್‌ಗಳ ಪಕ್ಕ ಹೋಗಿ ನಿಂತೆವು. ಹೇಗೆ ಗೊತ್ತಾಯಿತು ಎಂದು ಕೇಳಿದೆ. ಗುದ್ದಿ ಬಿದ್ದ ಪಿನ್ ಆದರೆ ತೊಲೆಯಲ್ಲಿ ಸೊಟ್ಟ ಇರಬೇಕು, ಪಿನ್ ನೆಲದ ಮೇಲೆ ಇರಬೇಕು ಎಂದ. ಇಲ್ಲಿ ಎರಡೂ ಇರಲಿಲ್ಲ. ಧೂಳಿನಲ್ಲಿ ಮೂರು ಬೆರಳಿನ ಗುರುತಿತ್ತು.

"ಮೈನಿನ ಫ್ಯೂಜ್ ತೆಗಿಯೋ ಹಂಗ ತೆಗದಿ. ಇಲ್ಲಿ ಹಂಗ ತೆಗಿಯಾವರು ಇಬ್ಬರ. ನಾ ತೆಗದಿಲ್ಲ." ಕೈಯ ಧೂಳು ಒರೆಸಿಕೊಂಡು ಹೇಳಿದ: "ನನ್ನ ಮ್ಯಾಲೆ ಸಂಶೆ ಇದ್ರ ಬಾಯಿ ಬಿಟ್ಟು ಕೇಳಬೇಕಿತ್ತು. ಆ ಹುಡುಗಿ ನಿನಗೇನ್ ಮಾಡಿತ್ತೋ?"

ನಾನು ಬಾಯಿ ಬಿಟ್ಟು ಕೇಳಿದೆ. "ಆವತ್ತ ನೀ ನನ್ನ ಕಡಿ ಯಾಕ ನಡದಿ?"

ಅವನಿಗೆ ಕೂಡಲೇ ಅರ್ಥವಾಯಿತು. ಯಾವತ್ತು ಎಂದು ಕೇಳಲಿಲ್ಲ.

"ಹನ್ನೆರಡು ವರ್ಷ ಇದನ್ನ ಹೊಟ್ಟಿಯೊಳಗ ಇಟ್ಕೊಂಡು ಕುಂತಿ?"

"ಕೇಳಿದ್ದಕ್ಕ ಹೇಳು."

"ನನ್ನ ಕಡಿ ನಾ ನೋಡಿದ್ದೆ. ನಿನ್ನ ಕಡಿ ನಂಬಿಕಿ ಇರಲಿಲ್ಲ. ನಿನಗ ಆವತ್ತ ಭೇದಿ. ಮೂರು ಸಲ ಎದ್ದು ಹಿಂದ ಹೋಗಿ ಬಂದಿ. ತಿರುಗಿ ನೋಡಿದಾಗೆಲ್ಲಾ ಕೈ ನಡಗತಿತ್ತು. ಸಾಹೇಬ್ರಿಗೆ ಹೇಳಿದ್ರ ನಿನ್ನ ಮರ್ಯಾದಿ. ಅದಕ್ಕ ನಾನೂ ಅಲ್ಲೇ ನಡದೆ. ಏನರ ಉಳದಿದ್ರ ನಮ್ಮಿಬ್ಬರಾಗ ಮುಗೀಲಿ, ಮೂರನೇದಾವನ ತನಕಾ ಹೋಗೋದು ಬ್ಯಾಡ ಅಂತ."

"ಆದ್ರ ಮೈನು ಇದ್ದದ್ದು ನಿನ್ನ ಕಡಿ."

"ಹೌದು. ನನ್ನ ಕಡಿ. ನಾಲ್ಕು ಬೆರಳು. ನಾ ತಪ್ಪಿದೆ. ಇಲ್ಲ ಅಂದೇನೇನು?" ಅವನ ಧ್ವನಿ ಏರಲಿಲ್ಲ. "ನಿನ್ನ ಗೇಣು ಎಲ್ಲಿತ್ತು, ಉಸ್ತಾದ?"

ನಾನು ನನ್ನ ಬಲಗೈ ನೋಡಿದೆ. ಹೆಬ್ಬೆರಳು ಕಿರುಬೆರಳು ಅಗಲಿಸಿದರೆ ಒಂದು ಗೇಣು. ನಾಲ್ಕು ಬೆರಳು ಅದರ ಅರ್ಧವೂ ಆಗುವುದಿಲ್ಲ. ನಾನು ದಾರ ದಾಟಿ ಒಂದು ಗೇಣು ಎಡಕ್ಕೆ ಚುಚ್ಚಿದ್ದರೆ ಆ ಮೈನು ನನ್ನ ಗೋಲಿಗೆ ಸಿಗಬೇಕಿತ್ತು. ಹಿಂದೆ ಬರುವ ನನ್ನ ಗೇಣು ಇದ್ದದ್ದೇ ಅವನು ಬಿಟ್ಟದ್ದನ್ನು ಹಿಡಿಯುವುದಕ್ಕೆ. ಆ ಅಳತೆ ಹನ್ನೆರಡು ವರ್ಷದಿಂದ ನನ್ನ ಬಾಯಲ್ಲಿತ್ತು. ನಾಲ್ಕು ಬೆರಳು, ಅವನ ಪಾಲು ಎಂದು ಸಾವಿರ ಸಲ ಹೇಳಿಕೊಂಡಿದ್ದೆ. ಅದರ ಪಕ್ಕದಲ್ಲಿ ಗೇಣನ್ನು ಒಂದು ಸಲವೂ ಇಟ್ಟು ನೋಡಿರಲಿಲ್ಲ. ನೆನಪಾಯಿತು ಎನ್ನಲಾರೆ. ಮರೆತಿದ್ದರೆ ತಾನೆ ನೆನಪಾಗುವುದು? ಹೊಟ್ಟೆ ಹಿಂಡುತ್ತಿತ್ತು, ಬೇಗ ಮುಗಿಸಬೇಕಿತ್ತು, ಮುಂದಿನವನು ಚೊಕ್ಕ ಕೆಲಸದವನು. ಎಂಟನೆಯ ಗೂಟದಿಂದ ಮುಂದೆ ನಾನು ದಾರದಲ್ಲೇ ನಿಲ್ಲಿಸಿದ್ದೆ.

ಅದನ್ನು ಅವನಿಗೆ ಹೇಳಲಿಲ್ಲ. ಕೈಯನ್ನು ಜೇಬಿಗೆ ಹಾಕಿಕೊಂಡೆ. ಈಗ ಅವನು ಕೇಳುತ್ತಾನೆ ಎಂದು ಕಾದೆ: ನನಗೆ ಒಳ್ಳೆಯ ಮಾತು ಹೇಳು, ಇಲ್ಲವೆಂದರೆ ಪಿನ್ನಿನ ವಿಷಯ ಹೇಳುತ್ತೇನೆ. ಅವನ ಜಾಗದಲ್ಲಿ ಇದ್ದಿದ್ದರೆ ನಾನು ಕೇಳುತ್ತಿದ್ದೆನೋ ಏನೋ. ಅವನು ಏನನ್ನೂ ಕೇಳಲಿಲ್ಲ. ತಪಾಸಣೆಯ ಹಾಳೆ ತೋರಿಸಿ, ಆಗಲೇ ಬರೆದಿದ್ದೇನೆ, ಅಳಿಸುವುದಿಲ್ಲ ಎಂದ. ಹಾಳೆಯಲ್ಲಿ ಸಾಲು, ಖಾನೆ, ಪಿನ್ ಇಲ್ಲ, ಗುದ್ದಿದ ಗುರುತಿಲ್ಲ, ಕೈಯಿಂದ ತೆಗೆಯಲಾಗಿದೆ ಎಂದಿತ್ತು. ಯಾರ ಕೈ ಎಂದು ಬರೆದಿರಲಿಲ್ಲ.

ಆ ದಿನ ಮನೆಗೆ ಹೋದ ಮೇಲೂ ನನ್ನ ಸಂಶಯ ಸಾಯಲಿಲ್ಲ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ನನ್ನ ತಪ್ಪು ನನಗೆ ಕಂಡಿತ್ತು. ಆದರೆ ಅವನ ಕಾರಣ ಬಹಳ ಚೆನ್ನಾಗಿತ್ತು. ಹನ್ನೆರಡು ವರ್ಷದಲ್ಲಿ ಯಾರು ಬೇಕಾದರೂ ಅಂಥದೊಂದನ್ನು ಹೊಂದಿಸಿಕೊಳ್ಳಬಹುದು. ಶನಿವಾರ ಮಧ್ಯಾಹ್ನ, ಊರಿನಲ್ಲಿ ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ನಮ್ಮ ತುಕಡಿಯ ಹಳೆಯ ಸಂಗಾತಿಯೊಬ್ಬನಿಂದ ನಂಬರ್ ತೆಗೆದುಕೊಂಡು, ಪಾದ ಕಳೆದುಕೊಂಡ ಕೋಲಾರದವನಿಗೆ ಫೋನ್ ಮಾಡಿದೆ. ಅವನು ಒಂದು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದ. ನಾನು ಅವನ ಧ್ವನಿಯನ್ನು ಕೊನೆಗೆ ಕೇಳಿದ್ದು ಸ್ಟ್ರೆಚರಿನ ಮೇಲೆ.

ನನ್ನ ಹೆಸರು ಹೇಳಿದೆ. "ಓ, ನೀನಾ," ಎಂದ.

ಹೇಗಿದ್ದೀಯ ಎಂದು ಕೇಳಬೇಕಿತ್ತು. ನಾನು ಮೊದಲು ಕೇಳಿದ್ದು, ಆವತ್ತು ನನ್ನ ಜೊತೆ ದಾರಿ ತೆರೆದವನು ನಿನಗೆ ಫೋನ್ ಮಾಡುತ್ತಾನಾ ಎಂದು.

"ಒಂದನೇ ತಾರೀಕು ಮಾಡ್ತಾನೆ. ತಪ್ಪಿಸಿಲ್ಲ. ಆಸ್ಪತ್ರೆಗೇ ಬಂದು ಹೇಳಿದ್ದ, ಅದು ನನ್ ಕಡೆ, ನಾನೇ ಬಿಟ್ಟೆ ಅಂತ. ಎರಡು ವರ್ಷ ನಾನ್ ಅವನ ಹತ್ರ ಮಾತಾಡಿಲ್ಲ. ಆಮೇಲ್ ಮಾತಾಡ್ದೆ." ಹಿಂದೆ ಯಂತ್ರ ಹಾಳೆ ಉಗುಳುವ ಸದ್ದು ಕೇಳುತ್ತಿತ್ತು. "ನೀನ್ಯಾಕೆ ಈಗ?"

ನಾನು ಹೇಳಿದೆ. ಎಂಟನೆಯ ಗೂಟದಿಂದ ನಾನು ದಾರದಲ್ಲೇ ನಿಂತೆ, ಒಂದು ಗೇಣು ಎಡಕ್ಕೆ ಬಂದಿದ್ದರೆ ನನಗೆ ಸಿಗುತ್ತಿತ್ತು ಎಂದೆ. ಅದನ್ನು ಬಾಯಿಂದ ಹೇಳಿದ್ದು ಅದೇ ಮೊದಲು. ಆ ಕಡೆ ಯಂತ್ರ ನಿಂತಿತು.

"ಅವ್ನು ನಿನ್ ಹೆಸ್ರು ಒಂದಿನಾನೂ ಎತ್ತಿಲ್ಲ ಕಣಯ್ಯ," ಎಂದ. ಆಮೇಲೆ, "ಅಂಗಡೀಲಿ ಜನ ಅವ್ರೆ. ಇಡ್ತೀನಿ."

ಇಟ್ಟುಬಿಟ್ಟ. ಮತ್ತೆ ಮಾಡಿದೆ, ಎತ್ತಲಿಲ್ಲ. ಕೈಯಲ್ಲಿ ಫೋನ್ ಹಿಡಿದುಕೊಂಡು ಅಡುಗೆಮನೆಯಲ್ಲಿ ಕೂತಿದ್ದೆ. ಹೆಂಡತಿ ಕೆಲಸಕ್ಕೆ ಹೋಗಿದ್ದಳು.

ಸೋಮವಾರ ಮ್ಯಾನೇಜರ್ ನನ್ನನ್ನು ಕರೆದು ಬಾಗಿಲು ಹಾಕಿದಳು. ಅವನ ಹಾಳೆ ಮೇಜಿನ ಮೇಲಿತ್ತು. ಕೈಯಿಂದ ತೆಗೆಯಲಾಗಿದೆ ಎನ್ನುವ ಸಾಲಿನ ಕೆಳಗೆ ಗೆರೆ ಎಳೆದಿದ್ದಳು. ಸರಕು ತುಂಬಿದ ಖಾನೆಯ ಪಿನ್ ಯಾರು ತೆಗೆಯುತ್ತಾರೆ ಎಂದು ಕೇಳಿದಳು. ಅವಳು ವಾರಾಂತ್ಯವೆಲ್ಲ ಯೋಚಿಸಿದ್ದಳಂತೆ. ಅವಳಿಗೆ ಒಂದೇ ಉತ್ತರ ಹೊಳೆದಿತ್ತು. ಪರೀಕ್ಷೆಯ ಎರಡನೆಯ ವಾರದಲ್ಲಿರುವವನು, ವೀಸಾ ಮುಗಿಯುತ್ತಿರುವವನು, ತನ್ನ ಕಣ್ಣು ಎಷ್ಟು ಚುರುಕು ಎಂದು ತೋರಿಸಲು ತಾನೇ ಪಿನ್ ತೆಗೆದು ತಾನೇ ಕಂಡುಹಿಡಿದಿದ್ದಾನೆ. ಪಿನ್ ಅವನ ಕೈಯಲ್ಲೇ ಇತ್ತು ಎಂದು ಫೋರ್ಕ್‌ಲಿಫ್ಟ್ ಚಾಲಕ ಹೇಳಿದ್ದಾನೆ. ಇವತ್ತೇ ಅವನನ್ನು ಕಳಿಸಿಬಿಡುತ್ತೇನೆ, ಅದಕ್ಕೆ ಮುಂಚೆ ನಿನ್ನನ್ನು ಕೇಳೋಣ ಎಂದು ಕರೆದೆ, ನಿನಗೆ ಅವನ ಗುಣ ಗೊತ್ತಲ್ಲ ಎಂದಳು.

ಅವಳ ಸಂಶಯದಲ್ಲಿ ಒಂದು ತಪ್ಪೂ ಇರಲಿಲ್ಲ. ಎಲ್ಲ ಕೀಲುಗಳೂ ಸರಿಯಾಗಿ ಕೂತಿದ್ದವು. ಹನ್ನೆರಡು ವರ್ಷ ನನ್ನದೂ ಹೀಗೇ ಕೂತಿತ್ತು.

ನಾನು ಏನನ್ನೂ ಹೇಳಬೇಕಾಗಿಯೇ ಇರಲಿಲ್ಲ. ಇಲ್ಲ, ಗೊತ್ತಿಲ್ಲ ಎಂದಿದ್ದರೆ ಸಾಕಿತ್ತು. ವಿಚಾರಣೆಯಲ್ಲಿ ಒಂದು ಸಲ ಹೇಳಿ ಅಭ್ಯಾಸವಿತ್ತು. ಮೂವರು ವಿಮಾನ ಹತ್ತುತ್ತಿದ್ದರು, ಆ ಮಗು ಶಾಲೆ ಬಿಡುತ್ತಿತ್ತು, ನನ್ನ ಹೆಸರು ಯಾವ ಹಾಳೆಯಲ್ಲೂ ಬರುತ್ತಿರಲಿಲ್ಲ. ಅವಳು ಒಂದು ಸಲ ಗಡಿಯಾರ ನೋಡಿದಳು.

ತೆಗೆದವನು ನಾನು ಎಂದೆ. ಗುರುವಾರ ನಾಲ್ಕೂವರೆಗೆ, ಅವನನ್ನು ಪರೀಕ್ಷಿಸಲು, ಯಾರಿಗೂ ಹೇಳದೆ, ಚೀಟಿ ಕಟ್ಟದೆ. ಪಿನ್ ನನ್ನ ಜೇಬಿನಲ್ಲಿತ್ತು, ಅವನು ನನ್ನಿಂದ ಕೇಳಿ ಪಡೆದ ಎಂದೆ.

ಅವಳು ಎರಡು ಸಲ ಕೇಳಿದಳು. ಎರಡು ಸಲವೂ ಅದೇ ಕ್ರಮದಲ್ಲಿ ಹೇಳಿದೆ. ಜನ ಓಡಾಡುವ ಸಾಲಿನಲ್ಲಾ ಎಂದು ಮೂರನೆಯ ಸಲ ಕೇಳಿದಾಗ ಅವಳ ಮುಖ ಬೇರೆಯಾಗಿತ್ತು. ಸಮೋವಾದ ಹುಡುಗಿಯ ಹೆಸರನ್ನು ಹೇಳಿ, ಅವಳಿಗೆ ಎಷ್ಟು ವಯಸ್ಸು ಗೊತ್ತಾ ಎಂದಳು. ಗೊತ್ತಿರಲಿಲ್ಲ. ನನ್ನ ಚೀಟಿಯ ಕಟ್ಟು, ಸಹಿಯ ಪುಸ್ತಕ ಎರಡನ್ನೂ ಮೇಜಿನ ಮೇಲೆ ಇಡಿಸಿಕೊಂಡಳು.

ಹಾಗಾದರೆ ಅವನು ಸಹಿ ಹಾಕಿದ ಸಾಲಿನ ಕೆಳಗೆ ನಡೆಯುತ್ತೀಯಾ ಎಂದು ಕ್ರಮಕ್ಕಾಗಿ ಕೇಳಿದಳು. ನಡೆಯುತ್ತೇನೆ ಎಂದೆ. ನಿನ್ನ ಮಾತಿಗೆ ಈಗ ಏನು ಬೆಲೆ ಎಂದಳು. ಇಲ್ಲ, ನನ್ನ ಮಾತು ಬೇಡ, ಹಾಳೆಯನ್ನೇ ನೋಡಿ ಎಂದೆ. ಅವಳು ಮತ್ತೆ ಹಾಳೆ ನೋಡಿದಳು. ಮನೆಗೆ ಹೋಗು, ನಾನು ಕರೆಯುವವರೆಗೆ ಬರಬೇಡ ಎಂದಳು.

ಬುಧವಾರ ಅವನಿಗೆ ಕೆಲಸದ ಪತ್ರ ಸಿಕ್ಕಿತು. ಅದನ್ನು ನನಗೆ ಹೇಳಿದ್ದು ಅವನಲ್ಲ, ಅವನ ಹೆಂಡತಿ ನನ್ನ ಹೆಂಡತಿಗೆ. ಮುಂದಿನ ಸೋಮವಾರ ನನ್ನನ್ನು ಕರೆದರು. ಕೊನೆಯ ಎಚ್ಚರಿಕೆಯ ಪತ್ರ ಕೊಟ್ಟು, ಸಹಿ ಹಾಕುವ ಅಧಿಕಾರ ತೆಗೆದು, ಸರಕು ಆರಿಸುವವರ ಜೊತೆ ಕೆಲಸಕ್ಕೆ ಹಾಕಿದರು. ಸಮೋವಾದ ಹುಡುಗಿಯ ಹತ್ತಿರ ಹೋಗಿ ನಾನೇ ಹೇಳಿದೆ. ಅವಳು, ತಲೆ ಕೆಟ್ಟಿದೆಯಾ ನಿನಗೆ ಅಂಕಲ್ ಎಂದು ಇಂಗ್ಲಿಷಿನಲ್ಲಿ ಕೇಳಿ, ತನ್ನ ತಳ್ಳುಗಾಡಿಯನ್ನು ಬೇರೆ ಸಾಲಿಗೆ ತಿರುಗಿಸಿಕೊಂಡು ಹೋದಳು.

ಅವನು ನನಗೆ ಧನ್ಯವಾದ ಹೇಳಲಿಲ್ಲ. ಹೇಳಲು ಏನೂ ಇರಲಿಲ್ಲ. ಚಟ್ನಿಪುಡಿಯೂ ಮತ್ತೆ ಬರಲಿಲ್ಲ. ಆವತ್ತು ಅವನು ನನ್ನ ಪಾಲಿನಲ್ಲಿ ನಡೆದದ್ದು ನನ್ನ ಮರ್ಯಾದೆಗಾಗಿಯೋ, ನನ್ನ ಕೆಲಸದ ಮೇಲಿನ ಅಪನಂಬಿಕೆಗೋ, ಎರಡಕ್ಕೂ ಸೇರಿಯೋ, ನನಗೆ ಇನ್ನೂ ಖಚಿತವಿಲ್ಲ. ಖಚಿತವಿಲ್ಲ ಎಂದೇ ಬರೆಯುತ್ತೇನೆ.

ಅಧಿಕಾರ ಹೋದ ಮೂರನೆಯ ವಾರವೋ ನಾಲ್ಕನೆಯ ವಾರವೋ, ಒಂದು ಬೆಳಿಗ್ಗೆ ನಾನು ಪಟ್ಟಿ ಹಿಡಿದು ಆರನೆಯ ಸಾಲಿನೊಳಗೆ ಹೋಗಿದ್ದೆ. ಅವನು ಆಚೆ ತುದಿಯಲ್ಲಿ ಪಿನ್‌ಗಳನ್ನು ಒತ್ತುತ್ತ ನಿಂತಿದ್ದ. ತಲೆ ತಿರುಗಿಸದೆ ಹೇಳಿದ.

"ಹೊರಗ ನಿಲ್ಲು. ಇನ್ನೂ ಸಹಿ ಆಗಿಲ್ಲ."

ನಾನು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಿ ಹಳದಿ ಗೆರೆಯ ಆಚೆ ನಿಂತೆ. ಅವನು ಮಾತಾಡಿದ್ದರಿಂದ ಎರಡು ಕಂಬ ಹಿಂದೆ ಹೋಗಿ ಮತ್ತೆ ಶುರುಮಾಡಿದ. ಮುಗಿಯಲು ನಲವತ್ತು ನಿಮಿಷ ಹಿಡಿಯಿತು. ನಿಂತೇ ಇದ್ದೆ.